ಹಬ್ಬದ ನಾಲ್ಕು ದಿನ ಕಚೇರಿಗೆ ರಜೆ

ನಮ್ಮೂರು ಬೆಳೆಯುವುದು ಹಬ್ಬದ ರಜೆಯಲ್ಲಿ.
ಈದಿನ ಚಂದ್ರ ಕಂಡ ಸಂಜೆ ಕಚೇರಿಗೆ ಬೀಗ ಬಿದ್ದರೆ
ಅದು ತೆರೆಯುವಷ್ಟರಲ್ಲಿ
ಗದ್ದೆಯಿದ್ದಲ್ಲಿ ಗೋಡೆ, ಗೋಡೆಯ ಮೇಲೊಂದು ತಾರಸಿ,
ತಾರಸಿಯ ನಾಲ್ಕು ಮೂಲೆಗೂ
ಇನ್ನೂ ಹುಟ್ಟದ ಮಹಡಿಗೆಂದು
ಆಕಾಶಕ್ಕೆ ನಾಟಿ ಮಾಡಿದ ಕಬ್ಬಿಣ.

ನಾನು ವಗ್ದಿ, ಕೃಷಿ ಸಹಕಾರ ಸಂಘದ ಗುಮಾಸ್ತ.
ನೈಲ್ ನದಿಯ ಕವಲು, ಕವಲಿನ ಕಾಲುವೆ, ಕಾಲುವೆಯ ಮರಿಕಾಲುವೆ,
ಅದು ಮುಟ್ಟುವಷ್ಟು ನೆಲ ನನ್ನ ಪುಸ್ತಕದಲ್ಲಿದೆ.
ಫದ್ದಾನಿಗೆ ಇಪ್ಪತ್ತನಾಲ್ಕು ಕಿರಾತು.
ಯಾರದು ಗೋಧಿ, ಯಾರದು ಹತ್ತಿ, ಯಾರದು ದನದ ಬರ್ಸೀಮು
ಎಲ್ಲ ನೀಲಿ ಶಾಯಿ.
ಯಾರದು ಇಟ್ಟಿಗೆ,
ಅದಕ್ಕೆ ಕೆಂಪು.

ಈ ಸಲ ಮಿಕ್ಸರಿನ ಗುಡುಗುಡು
ನಮ್ಮ ಹಿತ್ತಲ ಕಡೆಯಿಂದಲೇ ಬಂತು.
ಹಬ್ಬದ ಬಿಸ್ಕತ್ತಿಗೆ ಸಕ್ಕರೆ ಉದುರಿಸುತ್ತಿದ್ದ ಹೆಂಡತಿ
ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.
ನೋಡಿದಳು, ಅಷ್ಟೆ.
ಟಾರ್ಚು, ಟೇಪು ಹಿಡಿದು ಬದುವಿನ ಮೇಲೆ ಹೊರಟೆ.

ಅಕ್ಕ ಇನ್ಸಾಫ್ ನಿಂತಿದ್ದಳು,
ಕರಿಯ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ,
ನಾಟಿಗೆ ಇಳಿಯುವಾಗ ಕಟ್ಟುತ್ತಿದ್ದ ಹಾಗೇ.

ಅಪ್ಪ ಹೋದಾಗ ನನಗೆ ಹದಿನಾಲ್ಕು ಕಿರಾತು, ಅವಳಿಗೆ ಏಳು.
ಗಂಡಿಗೆರಡು, ಹೆಣ್ಣಿಗೊಂದು.
ಏಳನ್ನೂ ನಾನೇ ಉಳುತ್ತ ಬಂದೆ, ಇಪ್ಪತ್ತಾರು ವರ್ಷ.
ಉಳುವಾಗ ನಡುವಿನ ಬದು ಸವೆಯುತ್ತ ಸವೆಯುತ್ತ
ಇತ್ತೀಚೆಗೆ ನನಗೂ ಗುರುತು ಸಿಗುತ್ತಿರಲಿಲ್ಲ.
ಅವಳಿಗೆ ಸಿಕ್ಕಿತ್ತು.

"ಅಪ್ಪನ ನೆಲ ಇದು!" ಕೂಗಿದೆ.
"ಹೌದು," ಅಂದಳು. "ನಿನ್ನದಲ್ಲ."

ಮಿಕ್ಸರು ನಿಂತಿತು. ಕಪ್ಪೆಗಳು ಕೇಳಿಸಿದವು.
ಮೇಸ್ತ್ರಿ ಮೆಲ್ಲಗೆ, "ಬೇಗ ಜಗಳ ಮುಗಿಸಿ, ಅಣ್ಣಾ,
ಗಾರೆ ಗಟ್ಟಿಯಾಗುತ್ತೆ."

"ಸುಗ್ಗಿಗೊಂದು ಚೀಲ ಗೋಧಿ, ಹಬ್ಬಕ್ಕೆರಡು ಬಾತುಕೋಳಿ.
ಅದನ್ನ ಯಾವ ಶಾಯಿಯಲ್ಲಿ ಬರೆದಿಟ್ಟಿದ್ದೀಯ?
ಹಿಶ್ಮತ್‌ಗೆ ಮೂವತ್ತೊಂದು. ನಿಶ್ಚಯವಾಗಿ ಐದು ವರ್ಷ.
ಹೆಣ್ಣಿನಪ್ಪ ಬಾಗಿಲಿರುವ ಮನೆ ಕೇಳುತ್ತಾನೆ.
ಗೋಧಿಯ ಮೇಲೆ ಹಾಸಿಗೆ ಹಾಸಲಾ?"

ನಾನು ನದಿಯ ಮಾತು ತೆಗೆದೆ.
ಸಾವಿರಾರು ವರ್ಷ ಹೊತ್ತು ತಂದು ಹಾಸಿದ ಕರಿಮಣ್ಣು ಇದು,
ಅಣೆಕಟ್ಟಾದ ಮೇಲೆ ಒಂದು ಬೊಗಸೆಯೂ ಹೊಸದಾಗಿ ಬಂದಿಲ್ಲ,
ತಬ್ಬಿಬ್ಬಾಗಿ ಏನೇನೋ, ಕಚೇರಿಯ ಗೋಡೆಯ ಮೇಲಿರುವುದೆಲ್ಲ.
ಅವಳು ಒಂದು ಇಟ್ಟಿಗೆ ಎತ್ತಿ ನನ್ನ ಕೈಗಿಟ್ಟಳು.
ಇನ್ನೂ ಬೆಚ್ಚಗಿತ್ತು. ಉಗುರಿನಿಂದ ಕೆರೆದೆ:
ಯಾರದೋ ಗದ್ದೆ, ಬೇಯಿಸಿದ್ದು.

ಬೆಳಗಾಯಿತು. ಮಸೀದಿಯಿಂದ ಹಬ್ಬದ ತಕ್ಬೀರ್ ಏರಿತು.
ಆಗ ತಾನೇ ಎಳೆದ ನೆಲದ ಗಾರೆ
ನೀರು ಕಟ್ಟಿದ ಮಡಿಯಂತೆ ಹೊಳೆಯುತ್ತಿತ್ತು.
ಆರು ಬೆಳ್ಳಕ್ಕಿಗಳು ಮೋಸಹೋಗಿ ಇಳಿದವು.
ಒಂದು ಕಾಲೂರಿ, ಒಂದು ಕಾಲೆತ್ತಿ,
ಕುಕ್ಕಿ,
ತಲೆ ಕೊಡವಿ,
ಮತ್ತೆ ಬೇರೆ ಕಡೆ ಕುಕ್ಕಿ...
ಅಕ್ಕನಿಗೆ ನಗು ಬಂತು. ನನಗೂ. ಹಾಳಾದ ನಗು,
ಅಪ್ಪನ ಹಾಗೆ, ಮೂಗಿನಿಂದ.

ಅಳೆಯಬೇಕಿತ್ತು. ಅಳೆದೆ.
ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ,
ಅವಳೇ ಹಿಡಿದಳು.
"ಸರಿಯಾಗಿ ಎಳಿ," ಅಂದಳು, "ಕಡಿಮೆ ಬರೀಬೇಡ,
ಆಮೇಲೆ ಕರುಣೆ ತೋರಿಸಿದೆ ಅಂತೀಯ."

ಉದ್ದ ಹನ್ನೊಂದು, ಅಗಲ ಒಂಬತ್ತು.
ಕೆಂಪು ಪೆನ್ನು ತೆಗೆದೆ. ಬರೆಯಲಿಲ್ಲ ಅಂತಲ್ಲ.
ಹೆಸರಿನ ಅಂಕಣದಲ್ಲಿ ಬಹಳ ಹೊತ್ತು ನಿಂತೆ.
ಇಷ್ಟು ವರ್ಷದಲ್ಲಿ ಅವಳ ಹೆಸರು
ನನ್ನ ಪುಸ್ತಕಕ್ಕೆ ಬಂದದ್ದು ಅದೇ ಮೊದಲು.

ಹೊರಡುವಾಗ ಕೇಳಿದಳು, "ಕಿಟಕಿ ಯಾವ ಕಡೆ ಇಡಲಿ?"
"ಉತ್ತರಕ್ಕೆ," ಅಂದೆ, ಯೋಚಿಸದೆ,
"ಶೌಕಿಯ ಬರ್ಸೀಮು ಕಾಣುತ್ತೆ."

ಬದುವಿನ ಮೇಲೆ ಬರುವಾಗ ನೋಡಿದೆ,
ಶೌಕಿಯ ಹೊಲದ ಮೂಲೆಯಲ್ಲಿ
ಹುಲ್ಲು ಮುಚ್ಚಿದ ಒಂದು ದಿಬ್ಬ.
ಕಾಲಿನಿಂದ ಸರಿಸಿದರೆ
ಜಲ್ಲಿ.
ಬಕ್ರೀದಿಗೆ ಇನ್ನು ಎಪ್ಪತ್ತು ದಿನ.